ಮೈಸೂರಿನ ಆನೆ ಕಾಸು, ಆನ್‌ಲೈನ್ ಹರಾಜು, ಸಣ್ಣ ಬಜೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಟಿಪ್ಪು ಸುಲ್ತಾನನ ಮತ್ತು ಮೈಸೂರು ಒಡೆಯರ ಆನೆ ಚಿತ್ರದ ತಾಮ್ರದ ನಾಣ್ಯಗಳನ್ನು ಆನ್‌ಲೈನ್ ಹರಾಜಿನಲ್ಲಿ ಹೆಚ್ಚು ದುಡ್ಡು ಸುರಿಯದೆ ಕೊಳ್ಳಬೇಕು ಎನ್ನುವವರಿಗಾಗಿ ಈ ಪುಟ. ಇಲ್ಲಿ ಉದಾಹರಣೆಗೆ ಕೊಟ್ಟಿರುವ ಮೊತ್ತಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ. ಅವನ್ನು ಮಾರುಕಟ್ಟೆ ದರ ಎಂದುಕೊಳ್ಳಬೇಡಿ.

ಒಂದು ನಾಣ್ಯದ ನಿಜವಾದ ಬೆಲೆ ಅಂದರೆ ಯಾವುದು?

ಅದೇ ಟಂಕಸಾಲೆಯ, ಅದೇ ಮೌಲ್ಯದ, ಅದೇ ಸ್ಥಿತಿಯ ನಾಣ್ಯಕ್ಕೆ ಇತ್ತೀಚೆಗೆ ಯಾರೋ ಒಬ್ಬರು ಕೈಯಿಂದ ಬಿಚ್ಚಿದ ಒಟ್ಟು ಹಣ. ಇ-ಬೇಯಲ್ಲಿ ಯಾರೋ 25,000 ಎಂದು ಬರೆದು ವರ್ಷಗಟ್ಟಲೆ ಇಟ್ಟಿದ್ದರೆ ಅದು ಅವರ ಆಸೆ, ಬೆಲೆಯಲ್ಲ. ಹರಾಜು ಸಂಸ್ಥೆ ಕ್ಯಾಟಲಾಗ್‌ನಲ್ಲಿ ಹಾಕುವ ಎಸ್ಟಿಮೇಟ್ ಕೂಡ ಬೆಲೆಯಲ್ಲ. ಹೆಚ್ಚು ಜನರನ್ನು ಸೆಳೆಯಲು ಅದನ್ನು ಬೇಕೆಂದೇ ಕೆಳಗೆ ಇಡುವುದುಂಟು, ಮಾಲೀಕರ ಸಮಾಧಾನಕ್ಕೆ ಮೇಲೆ ಇಡುವುದೂ ಉಂಟು. ಸುತ್ತಿಗೆ ಬಿದ್ದ ಬೆಲೆ, ಅಂದರೆ ಹ್ಯಾಮರ್ ಪ್ರೈಸ್, ಸತ್ಯಕ್ಕೆ ಹತ್ತಿರ. ಆದರೆ ಅದರ ಮೇಲೆ ಪ್ರೀಮಿಯಂ (ಕೊಳ್ಳುವವರು ಹರಾಜು ಸಂಸ್ಥೆಗೆ ಕೊಡುವ ಕಮಿಷನ್), ತೆರಿಗೆ, ಕೊರಿಯರ್ ಎಲ್ಲ ಕೂಡಿಸಬೇಕು.

ಬೆಲೆ ಹುಡುಕುವ ಮೊದಲು ಏನು ಗೊತ್ತಿರಬೇಕು?

ನಾಣ್ಯ ಯಾವುದು ಎಂಬುದು. ಹೊಸಬರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ, ಏಕೆಂದರೆ ಆನೆ ಇದ್ದದ್ದೆಲ್ಲ ಟಿಪ್ಪುವಿನದು ಎಂದು ಮಾರಾಟವಾಗುತ್ತದೆ. ಆನೆ ಕಾಸುಗಳಲ್ಲಿ ಕನಿಷ್ಠ ಮೂರು ಗುಂಪುಗಳಿವೆ.

ಹೈದರನಿಗಿಂತ ಮೊದಲಿನ ಒಡೆಯರ ಸಣ್ಣ ಕಾಸುಗಳಲ್ಲಿ ಒಂದು ಬದಿ ಆನೆ, ಇನ್ನೊಂದು ಬದಿ ಚೌಕುಳಿಯಂಥ ಅಡ್ಡ-ಉದ್ದ ಗೆರೆಗಳು ಇರುತ್ತವೆ. ಕೆಲವು ಕಾಸುಗಳಲ್ಲಿ ಕನ್ನಡ ಅಂಕಿಯೂ ಕಾಣುತ್ತದೆ. ಟಿಪ್ಪುವಿನ ಪೈಸೆಗಳಲ್ಲಿ ಆನೆಯ ಹಿಂಬದಿಗೆ ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರು ಇರುತ್ತದೆ, ನಂತರದ ವರ್ಷಗಳವುಗಳಲ್ಲಿ ನಾಣ್ಯದ ಹೆಸರೂ ಇರುತ್ತದೆ. ಕನ್ನಡ ಅಕ್ಷರ ಇರುವುದಿಲ್ಲ. 1799ರ ನಂತರ, ಪೂರ್ಣಯ್ಯನವರ ದಿವಾನಗಿರಿ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸುಗಳಲ್ಲಿ ಆನೆಯ ಮೇಲೆ ಸೂರ್ಯ-ಚಂದ್ರ ಅಥವಾ ‘ಶ್ರೀ’ ಇರುತ್ತದೆ. ಮುಂದೆ ಆನೆಯ ಜಾಗಕ್ಕೆ ಸಿಂಹ ಬಂದು, ‘ಶ್ರೀ ಚಾಮುಂಡಿ’, ‘ಮಯಿಲಿ ಕಾಸು’ ಎಂಬ ಕನ್ನಡದ ಜೊತೆ ಇಂಗ್ಲಿಷಿನಲ್ಲಿ ರೋಮನ್ ಅಂಕಿಯೊಂದಿಗೆ ‘ಕ್ಯಾಶ್’ ಎಂದೂ ಇರುತ್ತದೆ.

ಟಿಪ್ಪುವಿನ ತಾಮ್ರದ ನಾಣ್ಯಗಳಲ್ಲಿ ತೂಕ ನೋಡಿದರೆ ಮೌಲ್ಯ ತಿಳಿಯುತ್ತದೆ. ಜೋಡಿ ಪೈಸೆ ಸುಮಾರು 22-23 ಗ್ರಾಂ, ‘ಜೊಹ್ರಾ’ ಎಂಬ ಪೈಸೆ ಸುಮಾರು 11, ‘ಬಹ್ರಾಮ್’ ಎಂಬ ಅರೆ ಪೈಸೆ ಐದೂವರೆ, ‘ಅಖ್ತರ್’ ಎಂಬ ಕಾಲು ಪೈಸೆ ಸುಮಾರು 2.7, ‘ಕುತ್ಬ್’ ಎಂಬ ಅರೆಕಾಲು ಪೈಸೆ ಸುಮಾರು 1.3 ಗ್ರಾಂ. ಮಾರುವವರು ತೂಕ ಕೊಟ್ಟಿಲ್ಲದಿದ್ದರೆ ಕೇಳಿ. ಹೇಳಲು ಒಪ್ಪದವರ ಬಳಿ ಕೊಳ್ಳದಿರುವುದೇ ಒಳ್ಳೆಯದು.

ಬೆಲೆಯನ್ನು ಹೆಚ್ಚು ಏರಿಳಿಸುವುದು ಟಂಕಸಾಲೆ. ಪಟನ್ ಅಂದರೆ ಶ್ರೀರಂಗಪಟ್ಟಣ, ನಗರ ಅಂದರೆ ಬಿದನೂರು. ಈ ಎರಡರ ಪೈಸೆಗಳು ಧಾರಾಳವಾಗಿ ಸಿಗುತ್ತವೆ. ಫರುಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ, ಫೈಜ್ ಹಿಸಾರ್ ಎಂದರೆ ಗುತ್ತಿ, ಖುರ್ಷೇದ್ ಸವಾದ್ ಎಂದರೆ ಧಾರವಾಡ. ಪಟನ್ ಪೈಸೆಯ ಬೆಲೆ ಹಿಡಿದು ಧಾರವಾಡದ್ದಕ್ಕೆ ಬಿಡ್ ಮಾಡಿದರೆ ನಾಣ್ಯ ಸಿಗುವುದಿಲ್ಲ. ತಿರುಗುಮುರುಗಾದರೆ ಹಣ ಹೋಗುತ್ತದೆ.

‘5121’ ಎಂಬ ಇಸವಿ ಇದೆಯಲ್ಲ, ಇದು ತಪ್ಪು ಅಚ್ಚಾದ ಅಪರೂಪದ ನಾಣ್ಯವೇ?

ಅಲ್ಲ. 1787ರ ಸುಮಾರಿನಿಂದ ಟಿಪ್ಪು ಹಿಜರಿ ಬಿಟ್ಟು ಮೌಲೂದಿ ಶಕೆ ಬಳಸಿದ. ಆ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಎಡದಿಂದ ಓದಿದಾಗ 5121 ಎಂದು ಕಾಣುವುದು 1215. ‘ಎರರ್ ಕಾಯಿನ್’ ಎಂದು ಇದಕ್ಕೆ ಹೆಚ್ಚು ಬೆಲೆ ಹೇಳಿದರೆ ಪುಟ ಮುಚ್ಚಿ ಮುಂದೆ ಹೋಗಿ.

ಹುಡುಕುವಾಗ ಯಾವ ಪದ ಹಾಕಬೇಕು?

ಒಂದೇ ಪದ ಸಾಲದು. ಇಂಗ್ಲಿಷಿನಲ್ಲಿ ಟಿಪ್ಪುವನ್ನು ಒಂದು ‘ಪಿ’ ಹಾಕಿಯೂ ಬರೆಯುತ್ತಾರೆ, ಎರಡು ‘ಪಿ’ ಹಾಕಿಯೂ ಬರೆಯುತ್ತಾರೆ, ಕೊನೆಯಲ್ಲಿ ‘ಯು’ ಬದಲು ಎರಡು ‘ಓ’ ಹಾಕುವವರೂ ಇದ್ದಾರೆ. ಶ್ರೀರಂಗಪಟ್ಟಣ ಪಟನ್, ಪಟ್ಟನ್, ಸೆರಿಂಗಪಟಂ ಎಂಬ ರೂಪಗಳಲ್ಲೆಲ್ಲ ಬರುತ್ತದೆ. ನಗರಕ್ಕೆ ಬೆಡ್ನೋರ್, ಬಿದ್ನೂರ್ ಎಂದೂ ಹಾಕಿ ನೋಡಿ. ಮೈಸೂರಿಗೆ ಹಳೆಯ ಇಂಗ್ಲಿಷ್ ಕಾಗುಣಿತವೇ ಹರಾಜುಗಳಲ್ಲಿ ಇಂದಿಗೂ ಚಾಲ್ತಿ. ಎಲ್ಲಕ್ಕಿಂತ ನಿಖರವಾದದ್ದು ಕ್ಯಾಟಲಾಗ್ ಸಂಖ್ಯೆ: ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕೆಎಂ (ಕ್ರೌಸ್-ಮಿಶ್ಲರ್ ಕ್ಯಾಟಲಾಗ್) ಸಂಖ್ಯೆ, ಮತ್ತು ಹೈದರ್-ಟಿಪ್ಪು ನಾಣ್ಯಗಳ ಬಗ್ಗೆ 1921ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಹೆಂಡರ್ಸನ್ ಕ್ಯಾಟಲಾಗಿನ ಸಂಖ್ಯೆ. ಒಮ್ಮೆ ನಿಮ್ಮ ನಾಣ್ಯದ ಕೆಎಂ ಸಂಖ್ಯೆ ಸಿಕ್ಕಿತೆಂದರೆ ಭಾಷೆ, ಕಾಗುಣಿತ ಯಾವುದರ ಹಂಗೂ ಇಲ್ಲ.

ಸಣ್ಣ ಬಜೆಟ್‌ನವರು ‘ಸೌತ್ ಇಂಡಿಯಾ ಎಲಿಫೆಂಟ್ ಕಾಪರ್’ ಎಂಬಂಥ ಬರಿಯ ವರ್ಣನೆಯ ಪದಗಳನ್ನೂ ತಪ್ಪದೆ ಹುಡುಕಬೇಕು. ನಾಣ್ಯ ಯಾವುದೆಂದು ಮಾರುವವರಿಗೇ ತಿಳಿಯದ ಲಾಟ್‌ಗಳು (ಹರಾಜಿನಲ್ಲಿ ಒಂದಾಗಿ ಮಾರುವ ನಾಣ್ಯ ಅಥವಾ ನಾಣ್ಯಗಳ ಗುಂಪು) ಅಲ್ಲಿ ಸಿಗುತ್ತವೆ, ಬಿಡ್ ಮಾಡುವವರೂ ಕಡಿಮೆ.

ಹಳೆ ಹರಾಜುಗಳ ಬೆಲೆ ಎಲ್ಲಿ ನೋಡಬಹುದು?

ಮೊದಲು ಹರಾಜು ಸಂಸ್ಥೆಗಳ ಸ್ವಂತ ತಾಣಗಳು. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ಟೋಡಿವಾಲಾ ಮತ್ತು ಓಸ್ವಾಲ್, ಅಹಮದಾಬಾದಿನ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿ ಭಾರತದ ನಾಣ್ಯಗಳನ್ನು ನಿಯಮಿತವಾಗಿ ಹರಾಜಿಗೆ ಇಡುತ್ತವೆ. ಹೊರದೇಶದಲ್ಲಿ ಕ್ಯಾಲಿಫೋರ್ನಿಯಾದ ಸ್ಟೀಫನ್ ಆಲ್ಬಮ್ ಸಂಸ್ಥೆ ಇಸ್ಲಾಮಿಕ್ ಮತ್ತು ಭಾರತೀಯ ನಾಣ್ಯಗಳಿಗೆ ಹೆಸರಾದದ್ದು.

ಆಮೇಲೆ ಹಲವು ಸಂಸ್ಥೆಗಳ ಹರಾಜನ್ನು ಒಟ್ಟಿಗೆ ತೋರಿಸುವ ನ್ಯೂಮಿಸ್‌ಬಿಡ್ಸ್, ಸಿಕ್ಸ್‌ಬಿಡ್, ಬಿಡ್ಡರ್‌ನಂಥ ತಾಣಗಳು. ಹಳೆಯ ದಾಖಲೆಗೆಂದೇ ಇರುವವು ಎಸಿಸರ್ಚ್ ಮತ್ತು ಕಾಯಿನ್‌ಆರ್ಕೈವ್ಸ್. ಎಸಿಸರ್ಚ್‌ನಲ್ಲಿ ಚಿತ್ರ, ವಿವರ ಪುಕ್ಕಟೆ, ಮಾರಾಟವಾದ ಬೆಲೆ ಕಾಣಲು ಚಂದಾ ಕಟ್ಟಬೇಕು. ಕಾಯಿನ್‌ಆರ್ಕೈವ್ಸ್‌ನಲ್ಲಿ ಇತ್ತೀಚಿನವು ಪುಕ್ಕಟೆ, ಪೂರ್ತಿ ಸಂಗ್ರಹಕ್ಕೆ ಚಂದಾ. ತಿಂಗಳಿಗೆ ಒಂದೆರಡು ತಾಮ್ರದ ನಾಣ್ಯ ಕೊಳ್ಳುವವರಿಗೆ ಚಂದಾ ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆ ಹಣಕ್ಕೆ ಒಂದು ಒಳ್ಳೆಯ ಪೈಸೆಯೇ ಬರಬಹುದು. ಗುರುತು ಹಿಡಿಯಲು ನ್ಯೂಮಿಸ್ಟಾ ಮತ್ತು ಜೆನೊ ಎಂಬ ಪುಕ್ಕಟೆ ತಾಣಗಳೇ ಸಾಕು.

ಇ-ಬೇಯ ಬೆಲೆಗಳನ್ನು ನಂಬಬಹುದೇ?

‘ಸೋಲ್ಡ್ ಐಟಮ್ಸ್’ ಎಂಬ ಫಿಲ್ಟರ್ ಹಾಕಿದರೆ ಮಾತ್ರ. ಅದು ಸುಮಾರು 90 ದಿನಗಳ ಮಾರಾಟ ತೋರಿಸುತ್ತದೆ, ಹಾಗಾಗಿ ಎರಡು ತಿಂಗಳಿಗೊಮ್ಮೆಯಾದರೂ ನೋಡಿ ಬರೆದಿಟ್ಟುಕೊಳ್ಳದಿದ್ದರೆ ದಾಖಲೆ ಕೈತಪ್ಪುತ್ತದೆ. ಬೆಲೆಯ ಮೇಲೆ ಅಡ್ಡಗೆರೆ ಎಳೆದು ‘ಬೆಸ್ಟ್ ಆಫರ್ ಅಕ್ಸೆಪ್ಟೆಡ್’ ಎಂದಿದ್ದರೆ ನಾಣ್ಯ ಅದಕ್ಕಿಂತ ಕಡಿಮೆಗೆ ಹೋಗಿದೆ, ಎಷ್ಟಕ್ಕೆ ಎಂದು ಅಲ್ಲಿ ಕಾಣುವುದಿಲ್ಲ. ಅಂಥದ್ದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಬೇಡಿ. ಮಾರಾಟಗಾರರ ಖಾತೆ ತೆರೆದವರಿಗೆ ಟೆರಾಪೀಕ್ ಎಂಬ ಸಾಧನದಲ್ಲಿ ಮೂರು ವರ್ಷದವರೆಗಿನ ಮಾಹಿತಿ ಸಿಗುತ್ತದೆ.

ಭಾರತದ ಇ-ಬೇ ತಾಣ 2018ರಲ್ಲೇ ಮುಚ್ಚಿತು. ಈಗ ಇಲ್ಲಿಂದ ಕೊಳ್ಳುವುದೆಂದರೆ ಹೊರದೇಶದ ತಾಣದಿಂದ ತರಿಸುವುದು ಎಂದೇ ಅರ್ಥ. ಅಂಚೆ ವೆಚ್ಚ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ, ಕಸ್ಟಮ್ಸ್ ಎಲ್ಲ ಸೇರಿದರೆ 15 ಡಾಲರಿನ ನಾಣ್ಯ ಅಗ್ಗವಾಗಿ ಉಳಿಯುವುದಿಲ್ಲ. ಬೆಲೆ ತಿಳಿಯಲು ಇ-ಬೇ ಬಳಸಿ, ಕೊಳ್ಳಲು ಇಲ್ಲಿನ ಹರಾಜು ನೋಡಿ.

ಲೆಕ್ಕದ ಶೀಟ್‌ನಲ್ಲಿ ಏನೇನು ಬರೆದಿಡಬೇಕು?

ಗೂಗಲ್ ಶೀಟ್ಸ್ ಸಾಕು. ಒಂದು ಲಾಟ್‌ಗೆ ಒಂದು ಸಾಲು. ಹರಾಜಿನ ದಿನಾಂಕ, ಸಂಸ್ಥೆ, ಲಾಟ್ ಸಂಖ್ಯೆ, ಕೆಎಂ ಸಂಖ್ಯೆ, ಟಂಕಸಾಲೆ, ಇಸವಿ, ತೂಕ, ಸಂಸ್ಥೆ ಹೇಳಿದ ದರ್ಜೆ, ನೀವು ಫೋಟೋ ನೋಡಿ ಕೊಟ್ಟ ದರ್ಜೆ, ಆರಂಭಿಕ ಬೆಲೆ, ಹ್ಯಾಮರ್ ಬೆಲೆ, ಪ್ರೀಮಿಯಂ ಶೇಕಡಾವಾರು, ಒಟ್ಟು. ಕೊನೆಯಲ್ಲಿ ಟಿಪ್ಪಣಿಗೆ ಒಂದು ಕಾಲಂ: ‘ತೂತಿದೆ’, ‘ಉಜ್ಜಿ ಹೊಳಪು ಬರಿಸಿದ್ದು’, ‘ಆನೆಯ ಸೊಂಡಿಲು ಅಚ್ಚಿನಿಂದ ಹೊರಗೆ’ ಎಂಬಂಥವಕ್ಕೆ.

ಎರಡು ದರ್ಜೆ ಏಕೆಂದರೆ ಒಂದು ಸಂಸ್ಥೆಯ ‘ವೆರಿ ಫೈನ್’ ಇನ್ನೊಂದರ ‘ಫೈನ್’ ಆಗಿರುತ್ತದೆ. ನಿಮ್ಮದೇ ಅಳತೆ ಒಂದೇ ರೀತಿ ಇದ್ದರೆ ಮಾತ್ರ ಹೋಲಿಕೆ ಸಾಧ್ಯ. ಆನೆ ಕಾಸಿಗೆ ಸರಳವಾದ ಮೂರು ಮೆಟ್ಟಿಲು ಸಾಕು: ಆನೆ ಮತ್ತು ಟಂಕಸಾಲೆ ಎರಡೂ ಪೂರ್ತಿ ಓದಲು ಬಂದರೆ ‘ಎ’, ಆನೆ ಸ್ಪಷ್ಟವಿದ್ದು ಟಂಕಸಾಲೆ ಅರ್ಧ ಕಂಡರೆ ‘ಬಿ’, ಆನೆಯ ಆಕಾರ ಮಾತ್ರ ಉಳಿದಿದ್ದರೆ ‘ಸಿ’. ‘ರೇರ್’, ‘ಸ್ಕೇರ್ಸ್’, ಮೂರು ‘ಆರ್’ ಇತ್ಯಾದಿ ಬಿರುದುಗಳನ್ನು ಶೀಟಿಗೆ ತರಲೇಬೇಡಿ.

ಫೋಟೋವನ್ನು ತಪ್ಪದೆ ಉಳಿಸಿಕೊಳ್ಳಿ. ಅದೇ ನಾಣ್ಯ ಆರು ತಿಂಗಳ ಮೇಲೆ ಮತ್ತೊಂದು ಹರಾಜಿಗೆ ಬಂದಾಗ ಅಂಚಿನ ಬಿರುಕು ನೋಡಿ ಗುರುತಿಸಬಹುದು. ಹಿಂದೆ ಅದು ಎಷ್ಟಕ್ಕೆ ಹೋಗಿತ್ತು ಎಂದು ಎದುರಾಳಿಗಳಿಗಿಂತ ಮೊದಲೇ ನಿಮಗೆ ತಿಳಿದಿರುತ್ತದೆ.

ಎಷ್ಟು ದಾಖಲೆ ಆದಮೇಲೆ ಬೆಲೆ ನಿರ್ಧರಿಸಬಹುದು? ಸರಾಸರಿ ತೆಗೆದರೆ ಆಯಿತೇ?

ಪಟನ್ ಪೈಸೆಯಂಥ ಸಾಮಾನ್ಯ ನಾಣ್ಯಕ್ಕೆ ಏಳೆಂಟು ಮಾರಾಟ ಸಿಕ್ಕರೆ ಸಾಕು. ಆದರೆ ಸರಾಸರಿ ಬೇಡ. ಒಂದೇ ದರ್ಜೆಯ ಏಳು ನಾಣ್ಯಗಳು 1,400, 1,600, 1,700, 1,800, 2,100, 2,300 ಮತ್ತು 7,500ಕ್ಕೆ ಹೋದವು ಎಂದುಕೊಳ್ಳಿ. ಸರಾಸರಿ ಸುಮಾರು 2,629 ಬರುತ್ತದೆ, ಆದರೆ ಏಳರಲ್ಲಿ ಆರು ನಾಣ್ಯ ಅದಕ್ಕಿಂತ ಕಡಿಮೆಗೆ ಹೋಗಿವೆ! ಇಬ್ಬರು ಹಟಕ್ಕೆ ಬಿದ್ದು ಏರಿಸಿದ ಒಂದೇ ಒಂದು ಬೆಲೆ ಲೆಕ್ಕವನ್ನೆಲ್ಲ ಕೆಡಿಸಿತು. ಮೀಡಿಯನ್ ಫಂಕ್ಷನ್ ಹಾಕಿದರೆ ಸಾಲಿನ ನಡುವಿನ 1,800 ಸಿಗುತ್ತದೆ. ಅದೇ ಮಾರುಕಟ್ಟೆ ಬೆಲೆ. ಕ್ವಾರ್ಟೈಲ್ ಫಂಕ್ಷನ್‌ನಲ್ಲಿ ಮೊದಲ ಕ್ವಾರ್ಟೈಲ್, ಅಂದರೆ ಸುಮಾರು ಕಾಲು ಭಾಗದ ಮಾರಾಟಗಳು ಯಾವ ಬೆಲೆಗಿಂತ ಕೆಳಗಿವೆಯೋ ಅದು, ಕೇಳಿದರೆ 1,650. ಕಾಯುವ ತಾಳ್ಮೆ ಇರುವವರ ಗುರಿ ಇದಾಗಿರಲಿ.

ಮಾರಾಟವಾಗದ ಲಾಟ್‌ಗಳನ್ನು ಬೆಲೆಯ ಲೆಕ್ಕಕ್ಕೆ ಸೇರಿಸಬೇಡಿ, ಆದರೆ ಬೇರೆ ಹಾಳೆಯಲ್ಲಿ ಬರೆದಿಡಿ. ‘2,500ಕ್ಕೆ ಶುರು ಮಾಡಿದರೂ ಯಾರೂ ಕೇಳಲಿಲ್ಲ’ ಎಂಬುದು ಕೂಡ ಒಂದು ಮಾಹಿತಿ. ಗ್ರೇಡಿಂಗ್ ಸಂಸ್ಥೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂದವು, ಹಲವು ನಾಣ್ಯದ ಒಟ್ಟು ಲಾಟ್‌ಗಳು, ಐದು ವರ್ಷಕ್ಕಿಂತ ಹಳೆಯ ಮಾರಾಟಗಳು, ಇವನ್ನೂ ಬೇರೆಯೇ ಇಡಿ.

ಸ್ಕ್ರಿಪ್ಟ್ ಬರೆದು ತಾಣಗಳಿಂದ ಬೆಲೆ ತಾನಾಗಿ ಎಳೆದುಕೊಳ್ಳಬಹುದೇ?

ಹೆಚ್ಚಿನ ತಾಣಗಳ ನಿಯಮ ಅದಕ್ಕೆ ಒಪ್ಪುವುದಿಲ್ಲ, ಖಾತೆ ನಿಂತುಹೋಗಬಹುದು. ಒಪ್ಪಿದರೂ ಪ್ರಯೋಜನ ಅಷ್ಟಕ್ಕಷ್ಟೆ: ವಿವರ ತಪ್ಪಾಗಿರುವ ಲಾಟ್ ಸ್ಕ್ರಿಪ್ಟಿಗೆ ಗೊತ್ತಾಗುವುದಿಲ್ಲ. ಫೋಟೋ ನೋಡಿ ಕೈಯಾರೆ ಬರೆಯುವಾಗಲೇ ಕಣ್ಣು ಪಳಗುವುದು. ಇ-ಬೇಯಲ್ಲಿ ಹುಡುಕು ಪದವನ್ನು ಉಳಿಸಿಟ್ಟರೆ ಹೊಸ ಲಾಟ್ ಬಂದಾಗ ಇಮೇಲ್ ಬರುತ್ತದೆ. ಅಷ್ಟು ಯಂತ್ರ ಸಹಾಯ ಸಾಕು.

ನನ್ನ ಕೈಯಲ್ಲಿ 4,000 ರೂಪಾಯಿ ಇದೆ. ಎಷ್ಟರವರೆಗೆ ಬಿಡ್ ಮಾಡಬಹುದು?

4,000 ಅಲ್ಲ. ಹಿಂದಿನಿಂದ ಲೆಕ್ಕ ಹಾಕಿ. ಆ ಹರಾಜಿನ ನಿಯಮದಲ್ಲಿ ಪ್ರೀಮಿಯಂ ಶೇ. 20, ಹ್ಯಾಮರ್ ಬೆಲೆ ಮತ್ತು ಪ್ರೀಮಿಯಂ ಎರಡೂ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ ಶೇ. 5, ವಿಮೆ ಸಹಿತ ಕೊರಿಯರ್ 250 ಎಂದಿದೆ ಎಂದುಕೊಳ್ಳೋಣ. ಕೊರಿಯರ್ ಕಳೆದರೆ 3,750. ಅದನ್ನು 1.20 ಗುಣಿಸು 1.05, ಅಂದರೆ 1.26ರಿಂದ ಭಾಗಿಸಿ: 2,976. ಬಿಡ್ ನೂರರ ಮೆಟ್ಟಿಲಲ್ಲಿ ಏರುತ್ತಿದ್ದರೆ ನಿಮ್ಮ ಕೊನೆ 2,900. 3,000ಕ್ಕೆ ಗೆದ್ದರೂ ಬಿಲ್ 4,030 ಆಗುತ್ತದೆ.

ಪ್ರೀಮಿಯಂ, ತೆರಿಗೆ ಎರಡೂ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಕೆಲವರು ನಾಣ್ಯಕ್ಕೊಂದು, ಪ್ರೀಮಿಯಂಗೊಂದು ದರ ಹಾಕುತ್ತಾರೆ. ಬೇರೊಂದು ತಾಣದ ಮೂಲಕ ಬಿಡ್ ಮಾಡಿದರೆ ಆ ತಾಣದ ಹೆಚ್ಚುವರಿ ಶುಲ್ಕವೂ ಬೀಳಬಹುದು, ಅದೇ ಲಾಟ್‌ಗೆ ಸಂಸ್ಥೆಯ ಸ್ವಂತ ತಾಣದಲ್ಲಿ ಅದು ಇರುವುದಿಲ್ಲ. ಪ್ರತಿ ಹರಾಜಿಗೂ ನಿಯಮದ ಪುಟ ಓದಿ, ಗುಣಕವನ್ನು ಶೀಟಿನ ತಲೆಯಲ್ಲೇ ಬರೆದುಕೊಳ್ಳಿ. ನಾಲ್ಕು ನಾಣ್ಯ ಗೆದ್ದರೆ ಕೊರಿಯರ್ ವೆಚ್ಚ ಹಂಚಿಹೋಗುತ್ತದೆ. ಹಾಗಾಗಿ ಹರಾಜಿಗೊಂದು ನಾಣ್ಯ ಕೊಳ್ಳುವುದಕ್ಕಿಂತ ಎರಡು ಹರಾಜು ಬಿಟ್ಟು ಮೂರನೆಯದರಲ್ಲಿ ಮೂರು ಕೊಳ್ಳುವುದು ಲಾಭ.

ಮೊದಲೇ ಬಿಡ್ ಹಾಕಬೇಕೋ, ಕೊನೆ ಕ್ಷಣಕ್ಕೆ ಕಾಯಬೇಕೋ?

ಗಡಿಯಾರ ಮುಗಿದೊಡನೆ ಮುಚ್ಚುವ ಇ-ಬೇಯಂಥ ಕಡೆ ಕೊನೆಯ ಐದಾರು ಸೆಕೆಂಡಿನಲ್ಲಿ ನಿಮ್ಮ ಪೂರ್ತಿ ಗರಿಷ್ಠ ಮೊತ್ತ ಹಾಕುವುದು ಒಳ್ಳೆಯದು. ಮುಂಚೆಯೇ ಹಾಕಿದರೆ, ಎಷ್ಟಿದೆ ನೋಡೋಣ ಎಂದು ಇತರರು ತಟ್ಟಿ ನೋಡುತ್ತಾರೆ. ಕೊನೆಗಳಿಗೆಯ ಬಿಡ್ ಬಂದರೆ ಸಮಯ ವಿಸ್ತರಿಸುವ ಹರಾಜಿನಲ್ಲಿ, ಅಥವಾ ಸಭಾಂಗಣದಲ್ಲಿ ಸುತ್ತಿಗೆ ಹಿಡಿದವರಿರುವ ಹರಾಜಿನಲ್ಲಿ ಈ ಯುಕ್ತಿ ನಡೆಯದು. ಅಲ್ಲಿ ಗರಿಷ್ಠ ಮೊತ್ತವನ್ನು ಮುಂಚಿತವಾಗಿ ಪ್ರಾಕ್ಸಿ ಬಿಡ್ ಆಗಿ ಹಾಕಿಡಿ. ವ್ಯವಸ್ಥೆ ಎದುರಾಳಿಗಿಂತ ಒಂದು ಮೆಟ್ಟಿಲಷ್ಟೇ ಮೇಲೆ ಏರಿಸುತ್ತದೆ. ಇಬ್ಬರದೂ ಒಂದೇ ಮೊತ್ತವಾದರೆ ಸಾಮಾನ್ಯವಾಗಿ ಮೊದಲು ಹಾಕಿದವರಿಗೆ ಸಲ್ಲುತ್ತದೆ. ಹೊಸ ಖಾತೆಯವರಿಗೆ ಸಂಸ್ಥೆಗಳು ಗುರುತಿನ ದಾಖಲೆ, ಪ್ಯಾನ್ ಕೇಳುತ್ತವೆ. ಮೂರು ದಿನ ಮೊದಲೇ ನೋಂದಾಯಿಸಿ.

ಕಡಿಮೆಗೆ ಸಿಗುವ ಸಂದರ್ಭಗಳು ಯಾವುವು?

ಒಂದೇ ಹರಾಜಿಗೆ ಒಂದೇ ಬಗೆಯ ಹತ್ತಾರು ನಾಣ್ಯ ಬಂದಾಗ. ಮೊದಲ ಎರಡು ಮೂರಕ್ಕೆ ಪೈಪೋಟಿ, ಕೊನೆಯವಕ್ಕೆ ಬಿಡ್ ಹಾಕುವವರ ಜೇಬು ಖಾಲಿ. ಅದೇ ರೀತಿ ಐನೂರು ಲಾಟ್‌ಗಳ ದೀರ್ಘ ಹರಾಜಿನ ಕೊನೆಯ ಭಾಗ.

ಇನ್ನೊಂದು ಬಾಗಿಲು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ: ಮಾರಾಟವಾಗದೆ ಉಳಿದ ಲಾಟ್‌ಗಳು. ಹರಾಜು ಮುಗಿದ ಮರುದಿನ ಸಂಸ್ಥೆಗೆ ಬರೆದು, ಆರಂಭಿಕ ಬೆಲೆಗೆ ಕೊಡುತ್ತೀರಾ ಎಂದು ಕೇಳಿ. ನಾಣ್ಯ ಮಾಲೀಕರಿಗೆ ವಾಪಸ್ ಹೋಗುವ ಮೊದಲು ಎಷ್ಟೋ ಸಲ ಒಪ್ಪುತ್ತಾರೆ.

ಹತ್ತು-ಹನ್ನೆರಡು ನಾಣ್ಯದ ಒಟ್ಟು ಲಾಟ್ ಅಗ್ಗವಲ್ಲವೇ?

ಭಾಗಾಕಾರ ಮೋಸ ಮಾಡುತ್ತದೆ. 12 ನಾಣ್ಯ, ಎಲ್ಲ ಸೇರಿ 6,000, ಒಂದಕ್ಕೆ 500 ಎಂದು ಕಾಣುತ್ತದೆ. ಫೋಟೋ ನೋಡಿ: ನಾಲ್ಕು ಮಾತ್ರ ಓದಲು ಬರುತ್ತವೆ. ನಿಮ್ಮ ಶೀಟಿನ ಪ್ರಕಾರ ಅವು ತಲಾ 1,100 ಬಾಳುತ್ತವೆ, 4,400. ಉಳಿದ ಎಂಟು ಸವೆದವು, ತಲಾ 100 ಎಂದರೂ 800. ಒಟ್ಟು 5,200. ಎಂಟುನೂರು ನಷ್ಟ. ಫೋಟೋದಲ್ಲಿ ಒಂದೇ ಬದಿ ತೋರಿಸಿದ್ದರೆ ಇನ್ನೊಂದು ಬದಿ ಸವೆದಿದೆ ಎಂದೇ ಹಿಡಿಯಿರಿ.

ಫೋಟೋದಲ್ಲಿ ಏನು ಗಮನಿಸಬೇಕು?

ಹಳೆ ತಾಮ್ರ ಕಂದು, ಕಪ್ಪು ಅಥವಾ ಗಟ್ಟಿ ಹಸಿರು ಬಣ್ಣಕ್ಕೆ ತಿರುಗಿರಬೇಕು. ಗುಲಾಬಿ-ಕಿತ್ತಳೆ ಹೊಳಪಿದ್ದರೆ ಯಾರೋ ಆಮ್ಲದಲ್ಲಿ ತೊಳೆದಿದ್ದಾರೆ. ಹುಣಸೆಹಣ್ಣು, ಪೀತಾಂಬರಿ ಹಾಕಿ ದೇವರ ಪಾತ್ರೆಯಂತೆ ಬೆಳಗಿದ ನಾಣ್ಯವನ್ನು ಹಿಂದಿನ ಸ್ಥಿತಿಗೆ ತರಲಾಗದು, ಮಾರುವಾಗ ಬೆಲೆಯೂ ಬಾರದು. ತೆಳು ಹಸಿರಿನ ಪುಡಿ ಚುಕ್ಕೆಗಳು ಇನ್ನೂ ಕೆಟ್ಟವು. ಲೋಹದಲ್ಲಿ ಕ್ಲೋರೈಡ್ ಸೇರಿ, ತೇವ ತಗುಲಿದಾಗಲೆಲ್ಲ ಒಳಗಿನಿಂದ ತಿನ್ನುವ ರೋಗ ಅದು.

ಎರಕದ ನಕಲಿಗಳಲ್ಲಿ ಅಕ್ಷರದ ಅಂಚು ಸಾಬೂನು ಕರಗಿದಂತೆ ಮೊಂಡಾಗಿರುತ್ತದೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು, ಸುತ್ತಂಚಿನಲ್ಲಿ ಜೋಡಣೆಯ ಗೆರೆ ಕಾಣಬಹುದು. ಎರಡು ಬೇರೆ ಹರಾಜಿನ ಎರಡು ನಾಣ್ಯಗಳಲ್ಲಿ ಒಂದೇ ಗೀರು ಒಂದೇ ಜಾಗದಲ್ಲಿದ್ದರೆ ಎರಡೂ ಒಂದೇ ಅಚ್ಚಿನಿಂದ ಎರೆದವು. ನೀವು ಉಳಿಸಿಟ್ಟ ಫೋಟೋಗಳು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತವೆ. ನಾಣ್ಯ ಕೈಗೆ ಬಂದ ದಿನವೇ 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಅಯಸ್ಕಾಂತ ಹಿಡಿದು ನೋಡಿ. ತಾಮ್ರ ಅಂಟುವುದಿಲ್ಲ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಕೊಂಡರೆ ವಾಪಸಾತಿಗೆ ವಾದ ಬೇಕಾಗುವುದಿಲ್ಲ.

ಚಿನ್ನದ ಕಂಠೀರಾಯ ಹಣಕ್ಕೂ ಇದೇ ಲೆಕ್ಕವೇ?

ಒಂದು ಕಾಲಂ ಹೆಚ್ಚು ಬೇಕು: ಹರಾಜಿನ ದಿನದ ಚಿನ್ನದ ದರ. ‘ಹಣ’ ಎಂಬ ಈ ಚಿನ್ನದ ನಾಣ್ಯ ಸುಮಾರು 0.35 ಗ್ರಾಂ ಮಾತ್ರ. ಗ್ರಾಂಗೆ 10,000 ಇದ್ದ ದಿನ ಅದರ ಲೋಹದ ಬೆಲೆ ಹೆಚ್ಚೆಂದರೆ 3,500. ಹ್ಯಾಮರ್ ಬೆಲೆಯಿಂದ ಅದನ್ನು ಕಳೆದು ಉಳಿದದ್ದನ್ನಷ್ಟೇ ಹೋಲಿಸಿ. ಇಲ್ಲದಿದ್ದರೆ ಚಿನ್ನ ಏರಿದ್ದನ್ನು ನಾಣ್ಯ ಏರಿತು ಎಂದುಕೊಳ್ಳುತ್ತೀರಿ. ಇಷ್ಟು ಪುಟ್ಟ ಚಿನ್ನದ ನಾಣ್ಯಗಳಲ್ಲಿ ನಕಲಿಯೂ ಹೆಚ್ಚು. ಮೊದಲ ವರ್ಷ ತಾಮ್ರದಲ್ಲೇ ಕಳೆಯಿರಿ.

ಅಮೆರಿಕದಲ್ಲಿದ್ದೇನೆ. ಬೆಂಗಳೂರಿನ ಹರಾಜಿನಲ್ಲಿ ಗೆದ್ದು ತರಿಸಿಕೊಳ್ಳಬಹುದೇ?

ಆಗುವುದಿಲ್ಲ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ 100 ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಊರಿಗೆ ಬಂದಾಗ ಜೇಬಿನಲ್ಲಿಟ್ಟು ಒಯ್ಯುವುದೂ ಅಪರಾಧವೇ. ಅಲ್ಲಿದ್ದವರು ಅಲ್ಲಿಯ ಹರಾಜುಗಳಲ್ಲೇ ಕೊಳ್ಳುವುದು ಸರಿ. ಟಿಪ್ಪು ನಾಣ್ಯಗಳು ಬ್ರಿಟನ್, ಅಮೆರಿಕದ ಹರಾಜುಗಳಿಗೆ ಬರುತ್ತಲೇ ಇರುತ್ತವೆ. ಇಲ್ಲಿ ಕೊಳ್ಳುವವರು ಬಿಲ್ ಇಟ್ಟುಕೊಳ್ಳಿ. ಹೊಲದಲ್ಲಿ ಸಿಕ್ಕಿದ್ದು ಎಂದು ಯಾರಾದರೂ ಮಣ್ಣು ಮೆತ್ತಿದ ಗಡಿಗೆ ನಾಣ್ಯ ತೋರಿಸಿದರೆ ಮುಟ್ಟಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನಿದೆ.

‘ಈ ಐದು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ’ ಎಂಬ ಜಾಹೀರಾತು ನಿಜವೇ?

ಸುಳ್ಳು. ಇಂಥ ಜಾಹೀರಾತುಗಳಲ್ಲಿ ಕಾಣುವ ವೈಷ್ಣೋದೇವಿ ಚಿತ್ರದ ನಾಣ್ಯ ಹೆಚ್ಚು ಅಚ್ಚಾಗಿ ಚಲಾವಣೆಗೆ ಬಂದದ್ದು. ಮೊದಲು ನೋಂದಣಿ ಶುಲ್ಕ, ತೆರಿಗೆ ಎಂದು ಹಣ ಕೇಳುವುದೇ ಈ ದಂಧೆ. ತನ್ನ ಹೆಸರು ಹೇಳಿ ಹೀಗೆ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. 1818 ಎಂದು ಬರೆದ, ರಾಮ-ಸೀತೆಯರಿರುವ ‘ಈಸ್ಟ್ ಇಂಡಿಯಾ ಕಂಪನಿ’ ನಾಣ್ಯಗಳು ಕಂಪನಿ ಟಂಕಿಸಿದವೇ ಅಲ್ಲ. ಅವು ಅಕ್ಕಿ ಸೆಳೆಯುತ್ತವೆ ಎನ್ನುವ ‘ರೈಸ್ ಪುಲ್ಲರ್’ ಮಾತಂತೂ ಶುದ್ಧ ವಂಚನೆ.

ಕೊಂಡ ಮೇಲೆ ಹೇಗೆ ಇಡಬೇಕು?

ಮೆತ್ತನೆಯ ಪಿವಿಸಿ ಕವರ್ ಬೇಡ, ಅದು ಕಾಲಕ್ರಮೇಣ ತಾಮ್ರಕ್ಕೆ ಅಂಟು ಹಸಿರು ಹಿಡಿಸುತ್ತದೆ. ಮೈಲಾರ್ ಎಂಬ ಪಿವಿಸಿ ಇಲ್ಲದ ಪ್ಲಾಸ್ಟಿಕ್ ಕವರ್ ಅಥವಾ ರಟ್ಟಿನ ಚೌಕ ಹೋಲ್ಡರ್ ಸಾಕು. ಮಲೆನಾಡು, ಕರಾವಳಿಯವರು ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ. ಹೋಲ್ಡರಿನ ಮೇಲೆ ಶೀಟಿನ ಸಾಲು ಸಂಖ್ಯೆ ಬರೆಯಿರಿ, ಪಿನ್ ಹೊಡೆಯುವ ಮೊದಲು. ಹೊಡೆದ ಮೇಲೆ ಒತ್ತಿ ಬರೆದರೆ ಪೆನ್ನಿನ ಮೊನೆ ನಾಣ್ಯಕ್ಕೆ ಗೀರಬಹುದು.